ಮೈದಾನಕ್ಕೆ ರಾಯ್ಸ್‌ನ ಹೆಸರು

ಒಹಾಯೋ, ಶನಿವಾರ

ಪ್ರೀತಿಯ ಅಕ್ಕಾ,

ಗಂಡ ವರ್ಲಿನ್ ಓದಿದ ಊರಿಗೆ ಮೊದಲ ಸಲ ಬಂದಿದ್ದೇನೆ. ಅವನಾಡುತ್ತಿದ್ದ ಶಾಲೆಯ ಫುಟ್‌ಬಾಲ್ ತಂಡ, ಇಲ್ಲಿಯ ಕೈಯಲ್ಲಿ ಎಸೆದಾಡುವ ಫುಟ್‌ಬಾಲು, ಸತತ ಮೂರು ವರ್ಷ ರಾಜ್ಯದ ಕಪ್ ಗೆದ್ದಿತ್ತಲ್ಲ, ಅದರ ನೆನಪಿಗೆ ನಿನ್ನೆ ಔತಣವಿತ್ತು. ಚೆಂಡೆಸೆಯುತ್ತಿದ್ದ ಕ್ವಾರ್ಟರ್‌ಬ್ಯಾಕ್ ರಾಯ್ಸ್ ಎದ್ದು, "ಮೂರೂ ಕಪ್ ತಂದದ್ದು ಈ ತೋಳು ಕಣ್ರಪ್ಪಾ!" ಎಂದ. ಸಾಕ್ಷಿಗೆ ಕೊನೆಯ ಫೈನಲ್‌ನ ಫಿಲ್ಮನ್ನೂ ಹಾಕಿಸಿದ. ನೋಡಿದರೆ, ಅವನೆಸೆದ ನಾಲ್ಕು ಚೆಂಡು ಎದುರಾಳಿಗಳ ಪಾಲಾಗಿವೆ! ನಾಲ್ಕು ಸಲವೂ ನಮ್ಮ ವರ್ಲಿನ್ ಮತ್ತು ಅವನ ಜೊತೆ ಎದುರಾಳಿಗಳನ್ನು ತಡೆಯುವ ಸಾಲಿನಲ್ಲಿದ್ದವರು ಚೆಂಡು ಹಿಡಿದವರನ್ನು ಕೆಡವಿ ಪಂದ್ಯ ಉಳಿಸಿದ್ದಾರೆ.

"ಯಾವ ತಂಡಕ್ಕೆ ಆಡ್ತಿದ್ರಿ ರೀ ನೀವು?" ಎಂದು ರಾಯ್ಸ್‌ನ ಹೆಂಡತಿಯೇ ಕೂಗಿದಳು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ಅವತ್ತು ಗಾಳಿ ಜಾಸ್ತಿ ಇತ್ತು ಕಣೇ," ಎಂದ ಅವನು.

ಆದರೂ ಶಾಲೆಯ ಹೊಸ ಮೈದಾನಕ್ಕೆ ರಾಯ್ಸ್‌ನ ಹೆಸರೇ. ಫಲಕ ಬರೆಸಿ ಆಗಿತ್ತಂತೆ. "ತುಂಬಾ ಭಾರ ಇದೆ, ಎತ್ತೋಕೆ ನೀವೇ ಬರ್ಬೇಕು," ಎಂದು ಊರಿನವರು ತಡೆಯುವ ಸಾಲಿನವರನ್ನೇ ಕರೆದರು. ಈ ಪೆದ್ದುಗಳು ಖುಷಿಯಿಂದ ಒಪ್ಪಿ, ಇವತ್ತು ಬೆಳಿಗ್ಗೆ ಏಣಿ ಹತ್ತಿದರು. ರಾಯ್ಸ್ ಕೆಳಗೆ ನಿಂತು ಕಾಫಿ ಕುಡಿಯುತ್ತಾ, "ಇನ್ನೂ ಸ್ವಲ್ಪ ಎಡಕ್ಕೆ, ವರ್ಲಿನ್!" ಎನ್ನುತ್ತಿದ್ದ.

ವರ್ಲಿನ್‌ಗೆ ಸೊಂಟ ಹಿಡಿದಿದೆ, ಕಾರು ನಾನೇ ಓಡಿಸಬೇಕು. ಮಂಗಳವಾರ ಬರುತ್ತೇವೆ. ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ಲೋರ್ನಾ