ಸೋಮವಾರ ಬಾ, ಏಪ್ರನ್ ತಾ

ಮೇ 13, ಮಂಗಳವಾರ

ಹಸಿ ಕಟ್ಟಿಗೆ. ಒಲೆ ಹತ್ತುವಷ್ಟರಲ್ಲಿ ಕಣ್ಣೆಲ್ಲ ಉರಿ. ಒಣ ಸೌದೆ ತರಿಸು ಎಂದರೆ ಲೋರ್ನ್‌ಗೆ ನಗು. “ಹಳೇ ಕಾಲದಲ್ಲೂ ಹೊಗೆ ಇತ್ತಲ್ಲ ಮಿರ್ನಾ!” ಅವನು ಈ ಹಳೇ ಕಾಲದ ಹಳ್ಳಿ ಮ್ಯೂಸಿಯಂನ ಮ್ಯಾನೇಜರ್. ಊದಿ ಸಾಯುವವಳು ನಾನು.

ಎರಡು ಬಸ್ ಮಕ್ಕಳು, ಮೂರನೇ ಕ್ಲಾಸು. ಟೊಪ್ಪಿಗೆ ಕಟ್ಟಿಕೊಂಡೆ — ಅಲ್ಲಿಗೆ 1886 ಶುರು. ನಾನು ಮಿಸೆಸ್ ಪ್ರಿಂಗಲ್, ಈ ಬಯಲಿಗೆ ಮೊದಲು ಬಂದು ನೆಲೆಸಿದ ರೈತನ ಹೆಂಡತಿ. ಮಕ್ಕಳು ಬೆಣ್ಣೆ ಕಡೆದರು, ನೀರು ಸೇದಿದರು, ಅರ್ಧ ಮೈಮೇಲೆ ಸುರಿದುಕೊಂಡರು. ಒಬ್ಬನಿಗೆ ಅರ್ಜೆಂಟು. ಹಿತ್ತಿಲ ಕಕ್ಕಸು ತೋರಿಸಿದೆ. ಇಣುಕಿ ನೋಡಿ, “ತಡ್ಕೋತೀನಿ” ಎಂದ.

ಕೊನೆಗೆ ಕೆಲಸದ ಹುಡುಗಿಯ ಆಟ. ಆಗಿನ ಕಾಲದಲ್ಲಿ ಬಡವರ ಹುಡುಗಿಯರು ಇನ್ನೊಬ್ಬರ ಮನೆಯಲ್ಲೇ ಉಂಡು, ಮಲಗಿ, ದುಡಿಯುತ್ತಿದ್ದರಲ್ಲ — ಅದು. ಯಾರಾದರೂ ಬನ್ನಿ ಎಂದೆ. ಹಿಂದಿನಿಂದ ಒಂದು ಸಣಕಲು ಹುಡುಗಿ ಬಂದಳು. ಕೋರಾ ಅಂತೆ.

“ಏನೇನು ಕೆಲಸ ಬರುತ್ತೆ?”

“ಪಾತ್ರೆ ಒರೆಸ್ತೀನಿ. ಪಾಪು ನೋಡ್ಕೋತೀನಿ. ಗಲಾಟೆ ಮಾಡಲ್ಲ.”

“ಊಟ ಜಾಸ್ತಿನಾ?”

“ಇಲ್ಲ.” ಆಮೇಲೆ, “ತಟ್ಟೆ ಒಡೆದ್ರೆ ವಾಪಸ್ ಕಳಿಸ್ತೀರಾ?”

ಸೊಂಟದ ಮೇಲೆ ಕೈಯಿಟ್ಟು ಗುಡುಗಿದೆ. “ಒಂದು ಒಡೆದ್ರೆ ಬೈಗುಳ. ಎರಡು ಒಡೆದ್ರೆ ಗಂಟುಮೂಟೆ ಕಟ್ಟು! ಸೋಮವಾರ ಬಾ, ಏಪ್ರನ್ ತಾ, ಕಂಬಳಿ ತಾ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ತಲೆಯಾಡಿಸಿದಳು.

ಮೇ 14

ಎಲ್ಲಿ ಕೂತರೂ ಕೂರಲಾಗುತ್ತಿಲ್ಲ. ಬ್ರೆಡ್ಡು ಸೀದು ಹೋಯಿತು.

ಇಷ್ಟು ವರ್ಷ ಈ ಆಟ ಆಡಿದ್ದೇನೆ. ಹೊಡೀತೀರಾ ಎಂದು ಕೇಳುತ್ತಾರೆ, ಚಾಕೊಲೇಟ್ ಕೊಡ್ತೀರಾ ಎಂದು ಕೇಳುತ್ತಾರೆ. ವಾಪಸ್ ಕಳಿಸ್ತೀರಾ ಎಂದು ಯಾವ ಮಗುವೂ ಕೇಳಿದ್ದಿಲ್ಲ. ಆ ಹೊತ್ತಿಗೇ ನನಗೆ ಹೊಳೆಯಬೇಕಿತ್ತು.

ಲೋರ್ನ್‌ಗೆ ಹೇಳಿದೆ. “ಮಕ್ಕಳು ಬಸ್ ಹತ್ತೋ ಮೊದ್ಲೇ ಮರೆತಿರ್ತಾವೆ. ಟೊಪ್ಪಿಗೆ ಹಾಕ್ಕೊಂಡು ಮತ್ತೇನು ಹೇಳ್ಬೇಕಿತ್ತು ನೀನು?” ಅದೇ ಇಲ್ಲಿನ ಕಟ್ಟುನಿಟ್ಟು. ಟೊಪ್ಪಿಗೆ ತಲೆ ಮೇಲಿದ್ದಷ್ಟು ಹೊತ್ತು 1886ರ ಆಚೆಯದೇನೂ ಗೊತ್ತಿರಬಾರದು. ಹೋದ ಬೇಸಿಗೆಯಲ್ಲಿ ಕಮ್ಮಾರನ ವೇಷದ ಹುಡುಗ ಪ್ರವಾಸಿಗಳಿಗೆ ವೈಫೈ ಪಾಸ್‌ವರ್ಡ್ ಹೇಳಿಬಿಟ್ಟ. ಮಾರನೆಯ ದಿನ ಅವನು ಪಾರ್ಕಿಂಗ್ ಕಾಯುತ್ತಿದ್ದ.

ಮೇ 16, ಶುಕ್ರವಾರ

ತಡೆಯಲಾರದೆ ಶಾಲೆಗೆ ಫೋನ್ ಮಾಡಿದೆ. ಟೀಚರ್ ಮಿಸ್ ಟೆಸ್ಸಿಯೆಗೆ ಕೋರಾ ಬಗ್ಗೆ ಕೇಳಿದೆ. ಹೇಳುವ ಹಾಗಿಲ್ಲವಂತೆ. ಆಮೇಲೆ ಅವರೇ —

“ಸಾಕುಮನೇಲಿದ್ದಾಳೆ, ಸರ್ಕಾರದೋರು ಇಟ್ಟಿರೋದು. ಇದು ಮೂರನೇ ಮನೆ. ನಾನು ಹೇಳ್ದೆ ಅನ್ಬೇಡಿ.” ದನಿ ತಗ್ಗಿಸಿ, “ನಿನ್ನೆ ಕ್ರಾಫ್ಟ್ ಪೀರಿಯಡ್ಡಲ್ಲಿ ಎಲ್ಲರೂ ಗಾಳಿಪಟ ಮಾಡಿದ್ರು. ಇವಳು ಏಪ್ರನ್ ಹೊಲಿದ್ಲು.”

“ಅದು ಆಟ ಅಂತ ಹೇಳಿ ಅವಳಿಗೆ.”

“ಹೇಳ್ದೆ. ಗೊತ್ತು ಮಿಸ್ ಅಂತಾಳೆ. ಮತ್ತೆ ಹೊಲೀತಾಳೆ.”

ಸೋಮವಾರ ವಿಕ್ಟೋರಿಯಾ ದಿನದ ರಜೆ. ಶಾಲೆಗಳಿಗೆ ಬೀಗ, ನಮಗೆ ವರ್ಷದ ದೊಡ್ಡ ಜಾತ್ರೆ. ಬಾಯಿ ತಪ್ಪಿಯೂ ಬೇರೆ ದಿನ ಹೇಳಲಿಲ್ಲವಲ್ಲ ನಾನು.

ಮೇ 18

ಇಗರ್ಜಿಗೆ ಹೋದೆ, ಏನೂ ಕಿವಿಗೆ ಬೀಳಲಿಲ್ಲ. ಮನೆಗೆ ಬಂದು ಕಪಾಟು ತೆಗೆದು ಖಾಲಿ ಮಾಡಿದೆ, ಮತ್ತೆ ತುಂಬಿದೆ. ಬರದೇ ಇರಲಿ. ಬಂದರೆ ಏನು ಹೇಳಲಿ... ಬರದಿದ್ದರೆ ಅದಕ್ಕಿಂತ ಸಂಕಟ.

ಮೇ 19, ಸೋಮವಾರ. ಹನ್ನೊಂದು ಗಂಟೆ

ಜನವೋ ಜನ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಿರುಗಿ ನೋಡುತ್ತೇನೆ. ಬಂದಿಲ್ಲ.

ಅದೇ ದಿನ, ಮಧ್ಯಾಹ್ನ. ಉಗ್ರಾಣದಲ್ಲಿ ಕೂತು

ಬಂದಳು. ಸಾಕುತಾಯಿ ಡೆನೀಸ್ ಜೊತೆ. ಡೆನೀಸ್ ಸೊಂಟದ ಮೇಲೆ ಕೂಸು, ಅದರ ಬಾಯಲ್ಲಿ ಕಾರಿನ ಕೀ. “ಬೆಳಿಗ್ಗೆಯಿಂದ ಪ್ರಾಣ ತಿಂದಿದ್ದಾಳೆ, ಕರ್ಕೊಂಡು ಹೋಗು ಅಂತ. ಏನೋ ಆಟವಂತೆ?”

ಕೋರಾ ಏಪ್ರನ್ ಕಟ್ಟಿಕೊಂಡೇ ಬಂದಿದ್ದಳು, ಒಂದು ಪಟ್ಟಿ ಉದ್ದ, ಒಂದು ಗಿಡ್ಡ. ಬಗಲಲ್ಲಿ ಕಂಬಳಿಯ ಗಂಟು. ಬಿಚ್ಚಿ, ಒಳಗಿನಿಂದ ಒಂದು ಹಸಿರು ಪ್ಲಾಸ್ಟಿಕ್ ತಟ್ಟೆ ತೆಗೆದಳು.

“ನನ್ನ ತಟ್ಟೆ ನಾನೇ ತಂದಿದ್ದೀನಿ, ಮಿಸೆಸ್ ಪ್ರಿಂಗಲ್. ಇದು ಒಡೆಯಲ್ಲ.”

ಸುತ್ತ ಜನ. ಬಾಗಿಲಲ್ಲಿ ಲೋರ್ನ್. ಟೊಪ್ಪಿಗೆಯ ಗಂಟು ಬಿಚ್ಚಲು ಬರಲೊಲ್ಲದು, ಎಳೆದು ಕಿತ್ತೆ. ನೆಲದ ಮೇಲೆ ಅವಳೆದುರು ಕೂತೆ.

“ನನ್ನ ಹೆಸರು ಮಿರ್ನಾ, ಕಂದಾ. ಮಿಸೆಸ್ ಪ್ರಿಂಗಲ್ ಅಂತ ಯಾರೂ ಇಲ್ಲ. ನಾನೂ ಬಸ್ಸಲ್ಲೇ ಮನೆಗೆ ಹೋಗ್ತೀನಿ, ನಂಗೂ ಫೋನಿದೆ. ಅವತ್ತು ನಾನು ಹೇಳಿದ್ದು ಸುಳ್ಳು. ತಟ್ಟೆ ಒಡೆದ್ರೆ ಯಾರೂ ಯಾರನ್ನೂ ಕಳಿಸ್ಬಾರದು.”

“ಕಳಿಸ್ತಾರೆ,” ಎಂದಳು. ವಾದಕ್ಕಲ್ಲ, ನನಗೆ ಗೊತ್ತಿಲ್ಲದ್ದನ್ನು ತಿಳಿಸುವುದಕ್ಕೆ. “ಹೋದ ಮನೇಲಿ ಗಾಜಿನ ಬೋಗುಣಿ ಬಿತ್ತು. ಮುಂದಿನ ವಾರ ಕಾರು ಬಂತು.”

ಡೆನೀಸ್ ಹಿಟ್ಟಿನ ಪೀಪಾಯಿಯ ಮೇಲೆ ಕುಸಿದಳು. “ಅದಕ್ಕೇನೇ ನೀನು ನಮ್ಮನೇಲಿ ಒಂದು ಲೋಟ ಕೂಡ ಮುಟ್ಟಲ್ವಾ? ನಾಚಿಕೆ ಅಂದ್ಕೊಂಡಿದ್ದೆ ಕಣೇ. ಅಯ್ಯೋ ದೇವರೇ... ಯಾರೂ ಎಲ್ಲಿಗೂ ಕಳಿಸಲ್ಲ, ಕೋರಾ.”

ಕೋರಾ ಸರಿ ಎಂದಳು. ದೊಡ್ಡವರ ಮಾತಿಗೆ ಅನ್ನುವ ಹಾಗೆ.

ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದೆ. ಪಿಂಗಾಣಿ ತಟ್ಟೆಗಳನ್ನು ಇಳಿಸಿ, ಒರೆಸೋಕೆ ಬರುತ್ತೆ ಅಂದೆಯಲ್ಲ, ಒರೆಸು ಎಂದೆ. ಬೇಡ ಎಂದಳು. ಡೆನೀಸ್ ಕೂಸನ್ನು ಕೆಳಗಿಟ್ಟು ತೊಳೆಯಲು ನಿಂತಳು. ಆಮೇಲೆ ಒಂದು ಬಟ್ಟೆ ತೆಗೆದುಕೊಂಡಳು ಕೋರಾ. ಗಂಟನ್ನು ಮಾತ್ರ ಕಾಲ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ.

ಉಸಿರಾಡಿಕೊಳ್ಳಲು ಇಲ್ಲಿಗೆ ಬಂದೆ. ಲೋರ್ನ್ ಎರಡು ಸಲ ಕೂಗಿದ. ಕೂಗಲಿ. ಪಾರ್ಕಿಂಗ್ ಕಾಯ್ದರಾಯಿತು, ಅಲ್ಲಿ ಹೊಗೆಯಾದರೂ ಇಲ್ಲ. ಟೊಪ್ಪಿಗೆ ಎಲ್ಲಿ ಬಿತ್ತೋ, ಯಾರು ತುಳಿದರೋ —

ಅಡುಗೆಮನೆಯಲ್ಲಿ ಏನೋ ಬಿತ್ತು. ಪಿಂಗಾಣಿಯೇ.



ಈಗ ಡೆನೀಸ್ ದನಿ. “ಅಲ್ಲೇ ನಿಲ್ಲು ಚಿನ್ನ, ಅಲ್ಲಾಡ್ಬೇಡ. ಕಾಲಿಗೆ ಚುಚ್ಚುತ್ತೆ. ಬಂದೆ, ಬಂದೆ, ಎತ್ಕೋತೀನಿ.”

ಪೊರಕೆ ಇಲ್ಲೇ ಇದೆ, ನನ್ನ ಬೆನ್ನ ಹಿಂದೆ. ತೆಗೆದುಕೊಂಡು ಹೊರಟೆ.