ನೀರಿಗೆ ಎಷ್ಟು ಉಪ್ಪು

ಅಕ್ಕಾ,

ನಿನ್ನ ಸಸಿಗಳೆಲ್ಲ ಸತ್ತುಹೋದವು. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಸಮುದ್ರ ನುಗ್ಗಿ ಉಪ್ಪಾದ ಗದ್ದೆಯಲ್ಲೂ ತೆನೆ ಬಿಡುವ ಭತ್ತ ಅಂತ ನೀನು ವರ್ಷಗಟ್ಟಲೆ ಆರಿಸಿ ಉಳಿಸಿದ ತಳಿ ಅದು. ಸಸಿ ಮಡಿಯಲ್ಲಿದ್ದಾಗಲೇ ನೀನು ದಿನಾ ಚೂರುಚೂರು ಉಪ್ಪುನೀರು ಕುಡಿಸಿ ರೂಢಿ ಮಾಡಿಸುತ್ತಿದ್ದೆ. ನೀನು ತೀರಿಕೊಂಡ ಮೇಲೆ ಅವುಗಳ ತುದಿ ಬಾಡತೊಡಗಿತು. ತಬ್ಬಲಿಗಳಿಗೆ ಉಪ್ಪುನೀರು ಯಾಕೆ ಅಂತ ಬಾವಿಯ ಸಿಹಿನೀರನ್ನೇ ಹಾಕಿದೆ. ಎಷ್ಟು ಹಸಿರಾಗಿ ಎದ್ದವು ಗೊತ್ತಾ! ಕಿತ್ತು ಗದ್ದೆಗೆ ನೆಟ್ಟೆವು. ಇವತ್ತು ಬೆಳಗ್ಗೆ ನೋಡಿದರೆ ಸುಟ್ಟ ಹುಲ್ಲಿನ ಹಾಗೆ ಮಲಗಿವೆ.

ಭಾವ ಬದುವಿನ ಮೇಲೆ ಕುಸಿದು ಕೂತು, "ಮುದ್ದು ಮಾಡಿ ಕೊಂದುಬಿಟ್ಟೆಯಲ್ಲಮ್ಮಾ" ಅಂದರು. ಬೈದಿದ್ದರೂ ತಡಕೊಳ್ಳುತ್ತಿದ್ದೆ.

ಡಬ್ಬಿಯ ತಳದಲ್ಲಿ ಒಂದು ಹಿಡಿ ಬೀಜ ಉಳಿದಿದೆ. ಅದು ಬಿಟ್ಟರೆ ನಿನ್ನ ತಳಿ ಎಲ್ಲೂ ಇಲ್ಲ. ನಾಳೆಯೇ ಮಡಿಗೆ ಹಾಕಬೇಕು. ನೀರಿಗೆ ಎಷ್ಟು ಉಪ್ಪು ಅಂತ ಕೇಳಿದಾಗಲೆಲ್ಲ, "ಬಾಯಿಗೆ ಹಾಕಿ ನೋಡೇ, ಗೊತ್ತಾಗುತ್ತೆ" ಅಂತ ನೀನು ನಗುತ್ತಿದ್ದೆ. ಬೆಳಗ್ಗೆಯಿಂದ ಬಾಯಿಗೆ ಹಾಕಿ ನೋಡುತ್ತಲೇ ಇದ್ದೇನೆ ಅಕ್ಕಾ. ಕಣ್ಣು ಒರೆಸಿಕೊಂಡು ಬರೀ ಬಾವಿನೀರು ಕುಡಿದರೂ ಉಪ್ಪುಪ್ಪೇ.