ನನ್ನ ತಮ್ಮನನ್ನು ದಾಟಿಹೋದ ತಟ್ಟೆ

ಪ್ರೀತಿಯ ಗುಂಡನಿಗೆ,

ಸಭೆಯವರಿಗೆಲ್ಲ ನೀನು ಪಾಸ್ಟರ್. ನಿನ್ನ ಮೂಗು ಒರೆಸಿದ ಈ ದೊಡ್ಡಪ್ಪನಿಗೆ ಮಾತ್ರ ಗುಂಡನೇ. ಹಾಗೆ ಕರೆಯದಿದ್ದರೆ ನನಗೆ ಕೈ ಓಡುವುದಿಲ್ಲ. ಭಾನುವಾರದಿಂದ ಓಡಿಯೂ ಇಲ್ಲ. ನಿನ್ನೆ ಅಂಗಡಿಯಲ್ಲಿ ವಕೀಲರೊಬ್ಬರ ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿಬಿಟ್ಟೆ. ನಲವತ್ತು ವರ್ಷದ ಬೈಂಡಿಂಗ್ ಕೆಲಸದಲ್ಲಿ ಇದೇ ಮೊದಲು.

ಹನ್ನೊಂದು ವರ್ಷಗಳ ಮೇಲೆ ನಿನ್ನಪ್ಪ ಸಭೆಗೆ ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ತಟ್ಟೆ ಹಿಡಿದು ನೀನು ನಮ್ಮ ಸಾಲಿಗೆ ಬಂದೆ. ನನಗೆ ರೊಟ್ಟಿ ಕೊಟ್ಟೆ. ಅವನು ಕೈ ಚಾಚಿದ. ನೀನು ತಟ್ಟೆಯನ್ನು ಎದೆಗೆ ಎಳೆದುಕೊಂಡೆ, ಹೆತ್ತ ಅಪ್ಪನನ್ನು ದಾಟಿದೆ, ಆಚೆ ಕುಳಿತಿದ್ದ ಟೀಚರಮ್ಮನ ಮುಂದೆ ನಿಂತೆ. "ಸಭೆ ಬಿಟ್ಟುಹೋದವರಿಗೆ ಇದರಲ್ಲಿ ಪಾಲಿಲ್ಲ," ಅಂದೆ. ಮೆಲ್ಲಗೇ ಅಂದೆ, ಮೂರು ಸಾಲಿಗೆ ಕೇಳಿಸಿತು. ಟೀಚರಮ್ಮ ಪಾಪ, ರೊಟ್ಟಿ ತಗೊಳ್ಳಬೇಕೋ ಬೇಡವೋ ತಿಳಿಯದೆ ನಿನ್ನ ಮುಖವನ್ನೇ ನೋಡಿದಳು. ನನ್ನ ಬಾಯಲ್ಲಿದ್ದ ರೊಟ್ಟಿ ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ನಾನು ಎತ್ತಿ ಆಡಿಸಿದ ಹುಡುಗ ಇವನೇನಾ?

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಆಮೇಲೆ, ಬಸ್ ನಿಲ್ದಾಣದ ಬೆಂಚಿನ ಮೇಲೆ. ನಾನು ನಿನ್ನನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದೆ. ನಿನ್ನಪ್ಪ ತಡೆದ. "ಬೈಬೇಡ ಅಣ್ಣ. ಅವನು ಸರಿಯಾಗೇ ಮಾಡ್ದ. ನಾನು ಇನ್ನೊಬ್ರಿಗೆ ಮಾಡಿದ್ದನ್ನೇ ನಂಗೆ ಮಾಡ್ದ."

ನಮ್ಮ ಸಭೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ವಿಧವೆ ಇದ್ದಳು, ನಿನಗೆ ನೆನಪಿರಬಹುದು. ಅವಳು ಒಂದು ವರ್ಷ ಸಭೆ ಬಿಟ್ಟು, ಮತ್ತೆ ಬಂದಿದ್ದಳು. ಆ ದಿನ ತಟ್ಟೆ ಹಿಡಿದಿದ್ದ ಸಭಾ ಹಿರಿಯ ನಿನ್ನಪ್ಪ. ಇವಳ ರಕ್ಷಣೆ ಹೋಗಿಯಾಗಿದೆ, ಇನ್ನು ಇವಳು ದೇವರವಳಲ್ಲ ಎಂದು ಅವನೇ ನಿಶ್ಚಯ ಮಾಡಿ ಅವಳನ್ನು ದಾಟಿಹೋದ. ಅವಳು ಮತ್ತೆ ಬರಲಿಲ್ಲ. ಮನಸ್ಸು ತಡೆಯದೆ ಎರಡು ತಿಂಗಳ ಮೇಲೆ ನಿನ್ನಪ್ಪ ಅವಳ ಮನೆ ಹುಡುಕಿಕೊಂಡು ಹೋದರೆ, ಅವಳ ತಂಗಿ ಹೊಲಿಗೆ ಯಂತ್ರವನ್ನು ಗಾಡಿಗೆ ಏರಿಸುತ್ತಿದ್ದಳಂತೆ. ಅವಳನ್ನು ಮಣ್ಣು ಮಾಡಿ ಹದಿನೈದು ದಿನವಾಗಿತ್ತು.

"ಆಮೇಲೆ ಆ ತಟ್ಟೆ ಮುಟ್ಟೋಕೆ ಕೈ ಬರ್ಲಿಲ್ಲ. ಭಾನುವಾರ ಪಾಳಿ ಇದೆ ಅಂತ ನಿಮ್ಗೆಲ್ಲ ಸುಳ್ಳು ಹೇಳ್ದೆ," ಅಂದ.

ಹನ್ನೊಂದು ವರ್ಷ! ನಾನೂ ಅವನನ್ನು ಸೋಮಾರಿ ಎಂದೇ ಹಂಗಿಸುತ್ತಿದ್ದೆ. ನಾಲಿಗೆ ಸೀಳಿಕೊಳ್ಳಬೇಕು ಅನ್ನಿಸಿತು. "ಮತ್ತೆ ಈಗ್ಯಾಕೋ ಬಂದೆ?" ಅಂದೆ.

"ಗುರುವಾರ ಎದೆ ಕೊಯ್ತಾರಲ್ಲ ಅಣ್ಣ. ಅದಕ್ಕೆ ಮುಂಚೆ, ನಂಗಿನ್ನೂ ಪಾಲಿದೆಯಾ ಅಂತ ಒಂದ್ಸಲ ಕೈ ಚಾಚಿ ನೋಡೋಣ ಅಂತ ಬಂದೆ. ಉತ್ತರ ಸಿಕ್ತು, ಬಿಡು." ಹಾಗಂದು ನಕ್ಕುಬಿಟ್ಟ ಕಣೋ.

ಹೌದು, ಹೃದಯದ ಆಪರೇಷನ್. ನಿನಗೆ ಹೇಳಬೇಡ ಎಂದಿದ್ದ. ಹೇಳಿದ್ದೇನೆ.

ನೀನು ಬೈಬಲ್ ಕಾಲೇಜಿನಲ್ಲಿ ಕಲಿತವನು. ನಾನು ಬೈಂಡಿಂಗ್‌ಗೆ ಬಂದ ಪುಸ್ತಕಗಳಲ್ಲಿ ಅಕ್ಷರ ಕೂಡಿಸಿ ಓದು ಕಲಿತವನು. ಸತ್ಯವೇದಗಳನ್ನೇ ನೂರಾರು ಹೊಲಿದಿದ್ದೇನೆ. ನಂಬಿಕೆಯಿಂದ ಬಿದ್ದುಹೋದೀರಿ, ಜೋಕೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಕರ್ತನ ಕೈಯಿಂದ ನಮ್ಮನ್ನು ಯಾರೂ ಕಸಿಯಲಾರರು ಎಂಬ ಭರವಸೆಯೂ ಇದೆ. ಹೊಲಿಗೆಯ ಒಂದು ಕಡೆಯ ಹಾಳೆ ಕಿತ್ತರೆ ಅದರ ಜೋಡಿ ಹಾಳೆ ಇನ್ನೊಂದು ಕಡೆಯಲ್ಲಿ ಸಡಿಲವಾಗುತ್ತದೆ, ಇದು ನನ್ನ ಕೈಗೆ ಗೊತ್ತಿರುವ ಮಾತು. ಎರಡನ್ನೂ ಇಟ್ಟುಕೋ. ಆದರೆ ಆ ಎಚ್ಚರಿಕೆ ಓದಿ ನಾವು ನಡುಗಬೇಕಾದದ್ದು ನಮ್ಮ ಬಗ್ಗೆ. ಪಕ್ಕದವನ ಮುಖದಲ್ಲಿ ಅದನ್ನು ಓದಿದರೆ ಏನಾಗುತ್ತದೆ ಎಂದು ನಿನ್ನಪ್ಪನನ್ನು ಕೇಳು.

ಬುಧವಾರ ಸಂಜೆ ಅವನ ಮನೆಗೆ ಬಾ. ಕ್ಷಮೆ ಕೇಳು ಎನ್ನುವುದಿಲ್ಲ, ಉಪದೇಶವೂ ಬೇಡ. ಅವನ ಪಾಲಿನ ರೊಟ್ಟಿ ತಗೊಂಡು ಬಾ. ತಾನು ಕಳೆದುಹೋದವನು ಎಂದುಕೊಂಡು ನನ್ನ ತಮ್ಮ ಆಪರೇಷನ್ ಮೇಜಿನ ಮೇಲೆ ಮಲಗಬಾರದು.

ನೀನು ಬರದಿದ್ದರೆ ಆ ಕೆಲಸ ನಾನು ಮಾಡುತ್ತೇನೆ. ನನಗೆ ದೀಕ್ಷೆಯಿಲ್ಲ, ಹಿರಿಯನ ಪಟ್ಟವಿಲ್ಲ, ಬೆರಳ ತುದಿಯಲ್ಲಿ ಯಾವಾಗಲೂ ಅಂಟು. ಆದರೂ ಅವನ ಅಡುಗೆಮನೆಯ ರೊಟ್ಟಿಯನ್ನೇ ಮುರಿದು, ಪ್ರಾರ್ಥಿಸಿ, ಅವನ ಕೈಗೆ ಕೊಡುತ್ತೇನೆ. ಇದರಿಂದ ದೊಡ್ಡಪ್ಪನ ರಕ್ಷಣೆಯೂ ಹೋಯಿತು ಎಂದು ಮುಂದಿನ ಭಾನುವಾರ ನೀನು ಪ್ರಸಂಗ ಮಾಡಬಹುದು. ಆ ಸಾಲು ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಾದೆ, ಹೆದರಿಕೆ ಬರಬಹುದೇನೋ ಎಂದು.

ಬರಲಿಲ್ಲ ಕಣೋ.

ನನ್ನನ್ನು ಹಿಡಿದ ಕರ್ತನು ನಿನ್ನನ್ನೂ ಬಿಡದಿರಲಿ,
ನಿನ್ನ ದೊಡ್ಡಪ್ಪ